ಬಿಸಿ ಗಾಜು, ತಣ್ಣನೆ ಗಾಜು

ಪಿ.ಯು.ಸಿ.ಗೆ ಹೊಸದಾಗಿ ಸೇರಿದ ಮಕ್ಕಳು ರಸಾಯನಶಾಸ್ತ್ರದ ಲ್ಯಾಬಿಗೆ ಮೊದಲ ಸಲ ಕಾಲಿಡುವಾಗ ಅವರ ಮುಖ ನೋಡಬೇಕು. ಅರ್ಧ ಕುತೂಹಲ, ಅರ್ಧ ಭಯ. ಸಾಲಾಗಿ ನಿಂತ ಬಾಟಲಿಗಳು, ಬೆಂಚಿನ ಮೇಲೆ ಯಾವ ಕಾಲದ್ದೋ ಕಂದು ಕಲೆಗಳು, ಮೂಗಿಗೆ ಅಡರುವ ಘಾಟು. ಎಲ್ಲಿ ಸಿಡಿದೀತೋ ಎಂಬಂತೆ ಖಾಲಿ ಟೆಸ್ಟ್ ಟ್ಯೂಬನ್ನು ಕೂಡ ಎರಡು ಬೆರಳ ತುದಿಯಲ್ಲಿ ಹಿಡಿದು ನಿಲ್ಲುತ್ತಾರೆ.

ಒಂದು ಕಾಲೇಜಿನ ಲ್ಯಾಬಿನಲ್ಲಿ ಹಿರಿಯ ಅಟೆಂಡರ್ ಒಬ್ಬರಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು. ಬಲಗೈ ಹೆಬ್ಬೆರಳ ಬುಡದಲ್ಲಿ ಹಳೆಯ ಗಾಯದ ಗುರುತು. ಕಾರ್ಕಿನೊಳಗೆ ಗಾಜಿನ ನಳಿಕೆ ತೂರಿಸುವಾಗ ನಳಿಕೆ ಮುರಿದು ಅಂಗೈಗೆ ಹೊಕ್ಕದ್ದು. ‘ನಳಿಕೆಗೆ ನೀರು ಸವರಿ, ಬಟ್ಟೆ ಸುತ್ತಿ, ಕಾರ್ಕಿನ ಹತ್ತಿರವೇ ಹಿಡಿದು, ಮೆಲ್ಲಗೆ ತಿರುಗಿಸಬೇಕಪ್ಪಾ. ತಳ್ಳಬಾರದು’ ಎಂದು ಪ್ರತಿವರ್ಷ ಹೇಳುವರು. ಹೇಳುವಾಗ ಆ ಗುರುತನ್ನೂ ತೋರಿಸುವರು. ಮಕ್ಕಳಿಗೆ ಪಾಠ ಮರೆತರೂ ಗುರುತು ಮರೆಯುತ್ತಿರಲಿಲ್ಲ.

ಹೊಸದಾಗಿ ಬಂದ ಲೆಕ್ಚರರಿಗೆ ಅವರು ಒಮ್ಮೆ ಹೇಳಿದರು: ‘ಹೆದರೋ ಮಕ್ಕಳ ಚಿಂತೆ ನನಗಿಲ್ಲ ಸಾರ್. ಹೆದರಿಕೆ ಬಿಟ್ಟ ಮಕ್ಕಳನ್ನ ನೋಡ್ಕೋಬೇಕು.’ ಲೆಕ್ಚರರು ನಕ್ಕು ಸುಮ್ಮನಾದರು.

ಮೊದಲ ತಿಂಗಳು ಎಲ್ಲವೂ ಶಾಸ್ತ್ರೋಕ್ತ. ಸಾಂದ್ರ ಗಂಧಕಾಮ್ಲವನ್ನು ತೆಳುಗೊಳಿಸುವಾಗ ನೀರಿಗೆ ಆಮ್ಲ ಸೇರಿಸಬೇಕು, ಆಮ್ಲಕ್ಕೆ ನೀರನ್ನಲ್ಲ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಏಕೆಂದು ಅಡುಗೆಮನೆ ಬಲ್ಲವರಿಗೆ ಬೇಗ ತಿಳಿಯುತ್ತದೆ. ಕಾದ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆ? ಈ ಆಮ್ಲ ನೀರಿಗಿಂತ ಸುಮಾರು 1.8 ಪಟ್ಟು ಭಾರ. ಮೇಲೆ ಸುರಿದ ನೀರು ಮೇಲೇ ನಿಂತು, ಎರಡೂ ಬೆರೆಯುವಲ್ಲಿ ಹುಟ್ಟುವ ಕಾವಿಗೆ ಅಲ್ಲೇ ಕುದಿದು, ಆಮ್ಲವನ್ನು ಮುಖಕ್ಕೆ ಎರಚುತ್ತದೆ. ಹೆಚ್ಚು ನೀರಿಗೆ ಆಮ್ಲವನ್ನು ತುಸು ತುಸುವಾಗಿ ಬಿಟ್ಟು ಕಲಕುತ್ತಿದ್ದರೆ ಆ ಕಾವನ್ನು ನೀರೇ ನುಂಗಿಕೊಳ್ಳುತ್ತದೆ.

ಹೀಗೆ ಪ್ರತಿಯೊಂದಕ್ಕೂ ಕಾರಣವಿದೆ. ಬಾಟಲಿಗೆ ಮೂಗು ಒಡ್ಡದೆ ಅಂಗೈಯಿಂದ ಬೀಸಿಕೊಂಡು ವಾಸನೆ ನೋಡುವುದು ಎದೆ ತುಂಬ ವಿಷಾನಿಲ ಹೋಗದಿರಲೆಂದು. ಮಿಕ್ಕ ದ್ರಾವಣವನ್ನು ಮತ್ತೆ ಬಾಟಲಿಗೆ ಸುರಿಯದಿರುವುದು ಒಬ್ಬರ ಕೊಳೆ ಇಡೀ ತರಗತಿಯ ಪ್ರಯೋಗ ಕೆಡಿಸದಿರಲೆಂದು. ಪಿಪೆಟ್ಟನ್ನು ಬಾಯಿಯಿಂದ ಹೀರುವುದು ಒಂದು ಕಾಲದಲ್ಲಿ ಎಲ್ಲ ಕಡೆ ಇದ್ದ ರೂಢಿ; ಈಗ ಅದಕ್ಕೆ ರಬ್ಬರಿನ ಬುರುಡೆಯೇ ಸರಿ. ಇನ್ನು, ಈಗಷ್ಟೇ ಜ್ವಾಲೆಯಿಂದ ತೆಗೆದ ಗಾಜು ನೋಡಲು ತಣ್ಣನೆ ಗಾಜಿನಂತೆಯೇ ಇರುತ್ತದೆ. ಕೆಂಡವಾದರೆ ಕೆಂಪಗೆ ಕಂಡು ಎಚ್ಚರಿಸುತ್ತದೆ. ಗಾಜು ಎಚ್ಚರಿಸುವುದಿಲ್ಲ.

ದಸರಾ ರಜೆ ಮುಗಿಯುವ ಹೊತ್ತಿಗೆ ಮಕ್ಕಳ ಭಯ ಹೋಗಿರುತ್ತದೆ. ಬ್ಯೂರೆಟ್ಟಿನ ನಲ್ಲಿ ತಿರುಗಿಸುತ್ತ ಸಿನಿಮಾ ಮಾತು ಶುರು. ಆ ಕಾಲೇಜಿನಲ್ಲೂ ಹಾಗೇ ಆಯಿತು. ಲವಣದ ಪರೀಕ್ಷೆ ನಡೆದಿತ್ತು. ಒಬ್ಬ ಹುಡುಗ ಅಮೋನಿಯಂ ಲವಣಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಕಾಯಿಸುತ್ತಿದ್ದ. ಟ್ಯೂಬು ಅರ್ಧಕ್ಕಿಂತ ಮೇಲೆ ತುಂಬಿತ್ತು. ತಳವನ್ನೇ ಜ್ವಾಲೆಗೆ ಹಿಡಿದಿದ್ದ, ಅಲುಗಾಡಿಸಲಿಲ್ಲ. ಬಾಯಿ ಎದುರು ಬೆಂಚಿನ ಕಡೆಗಿತ್ತು. ತರಗತಿಯಲ್ಲಿ ಅವನೇ ಜಾಣ. ಇದಿಷ್ಟೂ ತಪ್ಪೆಂದು ಪರೀಕ್ಷೆಯಲ್ಲಿ ಕೇಳಿದ್ದರೆ ಸರಿಯಾಗಿ ಬರೆಯುತ್ತಿದ್ದ.

ದ್ರಾವಣ ಒಮ್ಮೆಲೇ ಹಾರಿತು. ಎದುರಿದ್ದ ಹುಡುಗಿಯ ಎಡಗಣ್ಣಿಗೆ ಬಿತ್ತು.

ಲೆಕ್ಚರರು ಪ್ರಿನ್ಸಿಪಾಲರಿಗೆ ಹೇಳಿಕಳಿಸಲೋ, ಆಟೋ ತರಿಸಲೋ ಎಂದು ತಡವರಿಸುವಷ್ಟರಲ್ಲಿ ಅಟೆಂಡರ್ ಹುಡುಗಿಯ ತೋಳು ಹಿಡಿದು ನಲ್ಲಿಯ ಕೆಳಗೆ ಬಗ್ಗಿಸಿದ್ದರು. ‘ಕಣ್ಣು ಬಿಡು ತಾಯಿ, ಉರಿದರೂ ಬಿಡು’ ಎನ್ನುತ್ತ ರೆಪ್ಪೆ ಬಿಡಿಸಿ ಹಿಡಿದರು. ಗೋಡೆ ಗಡಿಯಾರ ನೋಡಿಕೊಂಡು ಪೂರ್ತಿ ಹದಿನೈದು ನಿಮಿಷ ನೀರು ಹಾಯಿಸಿದರು. ಆಮೇಲೆಯೇ ಆಸ್ಪತ್ರೆ. ಕ್ಷಾರ ಕಣ್ಣಿಗೆ ಆಮ್ಲಕ್ಕಿಂತಲೂ ಕೇಡು; ಅದು ಒಳಕ್ಕೆ ಇಳಿಯುತ್ತ ಹೋಗುತ್ತದೆ. ಕಣ್ಣು ಉಳಿಯಿತು. ಉಳಿಸಿದ್ದು ಔಷಧಿಗಿಂತ ಮೊದಲು ನೀರು ಎಂದರು ಕಣ್ಣಿನ ಡಾಕ್ಟರು.

ರಕ್ಷಣಾ ಕನ್ನಡಕಗಳು ಆ ಕಾಲೇಜಿನಲ್ಲಿ ಇರಲಿಲ್ಲವೆಂದಲ್ಲ. ಬೀರುವಿನಲ್ಲಿದ್ದವು, ಸ್ಟಾಕ್ ರಿಜಿಸ್ಟರಿನಲ್ಲೂ ಇದ್ದವು. ಮಕ್ಕಳ ಕಣ್ಣ ಮೇಲೆ ಮಾತ್ರ ಇರಲಿಲ್ಲ.

ಇಂಥ ತಪ್ಪು ಹುಡುಗರದ್ದಷ್ಟೇ ಎನ್ನುವಂತಿಲ್ಲ. ಎಲ್ಲ ಲ್ಯಾಬುಗಳಲ್ಲಿ ಉರಿಯುವ ಬರ್ನರಿಗೆ ಹೆಸರು ಕೊಟ್ಟ ಜರ್ಮನಿಯ ರಾಬರ್ಟ್ ಬನ್ಸನ್, ಆರ್ಸೆನಿಕ್ಕಿನ ಸಂಯುಕ್ತವೊಂದು ಸ್ಫೋಟಿಸಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು. ಫ್ರಾನ್ಸಿನ ಡ್ಯೂಲಾಂಗ್ ನೈಟ್ರೋಜನ್ ಟ್ರೈಕ್ಲೋರೈಡ್ ಕಂಡುಹಿಡಿದು ಒಂದು ಕಣ್ಣನ್ನೂ ಬೆರಳುಗಳನ್ನೂ ತೆತ್ತರು. ಅಮೆರಿಕದ ಕರೆನ್ ವೆಟರ್‌ಹಾನ್ 1996ರಲ್ಲಿ ಕೈಗವಸು ಹಾಕಿಕೊಂಡೇ ಕೆಲಸ ಮಾಡುತ್ತಿದ್ದರು. ಗವಸಿನ ಮೇಲೆ ಬಿದ್ದ ಕೆಲವೇ ಹನಿ ಡೈಮೀಥೈಲ್ ಮರ್ಕ್ಯುರಿ ರಬ್ಬರನ್ನು ದಾಟಿ ಒಳಹೊಕ್ಕಿತು. ಮರುವರ್ಷ ಅವರು ತೀರಿಕೊಂಡರು. ಅಂಥ ಗವಸು ಈ ವಿಷಕ್ಕೆ ಸಾಲದೆಂದು ಲೋಕ ಅರಿತದ್ದು ಆ ಸಾವಿನಿಂದ. ಲ್ಯಾಬಿನ ಗೋಡೆಯ ಮೇಲೆ ತೂಗುವ ಒಂದೊಂದು ಸೂಚನೆಯ ಹಿಂದೆಯೂ ಯಾರದೋ ಕಣ್ಣು, ಯಾರದೋ ಬೆರಳು ಇದ್ದೀತು. ಓದಿ ಕಲಿಯುವವರು ಆ ಬೆಲೆಯನ್ನು ಇನ್ನೊಮ್ಮೆ ತೆರಬೇಕಿಲ್ಲ.

ಹುಡುಗ ಎರಡು ವಾರ ಲ್ಯಾಬಿಗೆ ಬರಲಿಲ್ಲ. ಹುಡುಗಿ ಮಾತ್ರ ಮುಂದಿನ ಪ್ರಾಕ್ಟಿಕಲ್ಲಿಗೇ ಬಂದಳು. ಕಣ್ಣು ಇನ್ನೂ ಕೆಂಪಗಿತ್ತು. ಅಷ್ಟರಲ್ಲಿ ಬೀರುವಿನ ಬೀಗ ತೆಗೆದಾಗಿತ್ತು. ಕನ್ನಡಕಗಳನ್ನು ತೊಳೆದು ಒರೆಸಿ ಬಾಗಿಲ ಬಳಿ ಸಾಲಾಗಿ ಇಡಲಾಗಿತ್ತು.

ಮೂರನೇ ವಾರ ಹುಡುಗ ಬಂದು ತನ್ನ ಹಳೆಯ ಜಾಗದಲ್ಲೇ ನಿಂತ. ಟೆಸ್ಟ್ ಟ್ಯೂಬಿಗೆ ಮೂರನೇ ಒಂದು ಭಾಗದಷ್ಟೇ ದ್ರಾವಣ ಹಾಕಿ, ಚಿಮಟದಲ್ಲಿ ಓರೆಯಾಗಿ ಹಿಡಿದು, ಜ್ವಾಲೆಯ ಮೇಲೆ ಮೆಲ್ಲಗೆ ಅಲುಗಾಡಿಸಿದ. ಬಾಯಿ ಗೋಡೆಯ ಕಡೆಗಿತ್ತು. ಕೈ ತುಸು ನಡುಗುತ್ತಿತ್ತು.

ದೂರದಿಂದ ನೋಡುತ್ತಿದ್ದ ಅಟೆಂಡರ್, ‘ಇನ್ನು ಪರವಾಗಿಲ್ಲ ಸಾರ್’ ಎಂದರು. ಈ ಸಲ ಲೆಕ್ಚರರು ನಗಲಿಲ್ಲ.