ಗಾಲ್ವೇ: ಒಬ್ಬ ನಟಿಯ ಊರು

ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಕಾರಿಬ್ ನದಿಯು ಅಟ್ಲಾಂಟಿಕ್ ಸಾಗರವನ್ನು ಕೂಡುವೆಡೆಯಲ್ಲಿ ಗಾಲ್ವೇ ನಗರವಿದೆ. ನದಿಯ ಉದ್ದ ಸುಮಾರು 6 ಕಿಲೋಮೀಟರು ಮಾತ್ರ. ಆದರೆ ಅದರ ರಭಸವನ್ನು ಕಂಡವರು ಅದನ್ನು ಕಿರಿದೆನ್ನಲಾರರು. ಒಂದು ದಂಡೆಯಲ್ಲಿ ಹದಿನಾರನೆಯ ಶತಮಾನದ ಸ್ಪ್ಯಾನಿಷ್ ಕಮಾನು, ಎದುರು ದಂಡೆಯಲ್ಲಿ ಹಿಂದೆ ಬೆಸ್ತರ ಕೇರಿಯಾಗಿದ್ದ ಕ್ಲಾಡಾ. ಬೀದಿಗಳು ಇಕ್ಕಟ್ಟು, ಮಳೆಯಂತೂ ಹೇಳಿ ಕೇಳಿ ಬರುವುದಲ್ಲ. ಪೇಟೆಯ ಜನಜಂಗುಳಿಯಿಂದ ಒಂದು ತಿರುವು ತಿರುಗಿದರೆ 'ನಡುಬೀದಿ' ಎಂಬರ್ಥದ ಹೆಸರಿನ ರಸ್ತೆ. ಅಲ್ಲೊಂದು ಪುಟ್ಟ ನಾಟಕಶಾಲೆ. ಅದರ ಹೆಸರು 'ತೈವ್ಯಾರ್ಕ್'. ಐರಿಷ್ ಭಾಷೆಯಲ್ಲಿ ಹಾಗೆಂದರೆ ರಂಗಮಂದಿರವೆಂದೇ ಅರ್ಥ.

ಐರಿಷ್ ಭಾಷೆಯ ನಾಟಕಗಳಿಗೆಂದೇ ಈ ರಂಗಮಂದಿರ 1928ರಲ್ಲಿ ಆರಂಭವಾಯಿತು. ಅದರ ಮೊದಲ ನಾಟಕವನ್ನು ಬರೆದು ಆಡಿಸಿದವನು ಮಿಹಾಲ್ ಮ್ಯಾಕ್ ಲಿಯಮೋರ್. ಸೋಜಿಗವೆಂದರೆ, ಆತ ಲಂಡನ್ನಿನಲ್ಲಿ ಹುಟ್ಟಿದ ಇಂಗ್ಲಿಷರವನು. ಐರಿಷ್ ಭಾಷೆಗೆ ಮನಸೋತು ಅದನ್ನು ಕಲಿತು, ತನ್ನ ಹೆಸರನ್ನೂ ಆ ಭಾಷೆಗೆ ತಕ್ಕಂತೆ ಬದಲಿಸಿಕೊಂಡವನು. ಹುಟ್ಟಿನಿಂದಲೇ ಆ ಭಾಷೆಗೆ ವಾರಸುದಾರರಾದವರಲ್ಲಿ ಬಹುಮಂದಿ ಅದನ್ನು ಆ ವೇಳೆಗೆ ತೊರೆದಿದ್ದರು. 1845ರಿಂದ ಮೊದಲಾದ ಮಹಾಕ್ಷಾಮದಲ್ಲಿ ಹಸಿವಿನಿಂದ ಸತ್ತವರೂ ಹಡಗನ್ನೇರಿ ದೇಶ ಬಿಟ್ಟವರೂ ಬಹುಪಾಲು ಐರಿಷ್ ಮಾತನಾಡುತ್ತಿದ್ದ ಪಶ್ಚಿಮದ ಬಡವರೇ. ಉಳಿದವರು ಮಕ್ಕಳ ಹೊಟ್ಟೆಪಾಡಿಗಾಗಿ ಇಂಗ್ಲಿಷನ್ನು ಹಿಡಿದರು. ಇಂತಹ ಭಾಷೆಯಲ್ಲಿ ನಾಟಕವಾಡಿ ಯಾವ ನಟಿ ಮುಂದೆ ಬಂದಾಳು ಎಂದು ಕೇಳುವವರಿಗೆ ಈ ನಡುಬೀದಿಯೇ ಉತ್ತರ ಕೊಟ್ಟಿತು. ಆ ಉತ್ತರದ ಹೆಸರು ಶಿವಾನ್ ಮೆಕೆನ್ನಾ.

ಶಿವಾನ್ ಹುಟ್ಟಿದ್ದು ಬೆಲ್‌ಫಾಸ್ಟಿನಲ್ಲಿ, 1920ರ ದಶಕದ ಆದಿಭಾಗದಲ್ಲಿ. ತಂದೆ ಗಣಿತದ ಅಧ್ಯಾಪಕ. ಅವನಿಗೆ ಗಾಲ್ವೇಯ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಿ ಕೆಲಸ ದೊರೆತುದರಿಂದ ಸಂಸಾರ ಈ ಊರಿಗೆ ಬಂದಿತು. ಮನೆಮಾತು ಐರಿಷ್. ಆದುದರಿಂದ 1940ರ ಸುಮಾರಿಗೆ ಆಕೆ ತೈವ್ಯಾರ್ಕಿನ ರಂಗವನ್ನೇರಿದಾಗ ಉರು ಹೊಡೆದ ಭಾಷೆಯನ್ನು ಒಪ್ಪಿಸಲಿಲ್ಲ. ಅಡಿಗೆಮನೆಯಲ್ಲಿ ಆಡಿದ ಮಾತನ್ನೇ ರಂಗದ ಮೇಲೂ ಆಡಿದಳು. ಕೆಲವೇ ವರ್ಷಗಳಲ್ಲಿ ಡಬ್ಲಿನ್ನಿನ ಆಬಿ ರಂಗಮಂದಿರ ಅವಳನ್ನು ಕರೆದುಕೊಂಡಿತು. ಅಲ್ಲಿಯೇ ನಟನಾಗಿದ್ದ ಡೆನಿಸ್ ಓಡೇಯನ್ನು 1946ರಲ್ಲಿ ಮದುವೆಯಾದಳು.

ಆದರೆ ಅವಳ ಬಾಳಿನ ತಿರುವು ಮತ್ತೆ ಗಾಲ್ವೇಯಲ್ಲೇ ಕಾದಿತ್ತು. ಬರ್ನಾರ್ಡ್ ಷಾ ಇಂಗ್ಲಿಷಿನಲ್ಲಿ ಬರೆದ 'ಸೇಂಟ್ ಜೋನ್' ನಾಟಕವನ್ನು ಆಕೆ ತಾನೇ ಐರಿಷ್ ಭಾಷೆಗೆ ತಂದಳು. ಜೋನ್ ಎಂಬ ಹೆಸರಿಗೆ ಐರಿಷ್ ರೂಪ ಶಿವಾನ್! ಹೀಗೆ ನಾಟಕದ ಹೆಸರೂ ನಟಿಯ ಹೆಸರೂ ಒಂದೇ ಆಯಿತು. 1950ರ ಕೊನೆಯಲ್ಲಿ, ಷಾ ತೀರಿಕೊಂಡ ಕೆಲವೇ ವಾರಗಳ ತರುವಾಯ, ತೈವ್ಯಾರ್ಕಿನ ಸಣ್ಣ ರಂಗದ ಮೇಲೆ ಫ್ರಾನ್ಸಿನ ಹಳ್ಳಿಯ ಹುಡುಗಿ ಐರಿಷ್ ಮಾತನಾಡಿದಳು. ಮುಂದೆ ಡಬ್ಲಿನ್, ಲಂಡನ್, 1956ರಲ್ಲಿ ನ್ಯೂಯಾರ್ಕ್ ನಗರಗಳಲ್ಲಿ ಅದೇ ಪಾತ್ರವನ್ನು ಇಂಗ್ಲಿಷಿನಲ್ಲಿ ಆಡಿದಾಗಲೂ ಆಕೆ ಪಶ್ಚಿಮ ಐರ್ಲೆಂಡಿನ ಉಚ್ಚಾರಣೆಯನ್ನು ಬಿಡಲಿಲ್ಲ. ಒಕ್ಕಲಿಗರ ಮನೆಯ ಜೋನಳಿಗೆ ರಾಜಸಭೆಯ ನಾಜೂಕಿನ ಇಂಗ್ಲಿಷೇಕೆ? ನಗೆಗೀಡಾಗಬಹುದಾಗಿದ್ದ ಆ ಹಳ್ಳಿಯ ದನಿಯೇ ಅವಳ ಕೀರ್ತಿಗೆ ಕಾರಣವಾಯಿತು. ಅದೇ ವರ್ಷ 'ಲೈಫ್' ಪತ್ರಿಕೆಯ ಮುಖಪುಟದಲ್ಲಿ ಅವಳ ಚಿತ್ರ ಬಂದಿತು.

ಬೆಳ್ಳಿತೆರೆ ಅವಳಿಗೆ ಅಷ್ಟು ಉದಾರವಾಗಲಿಲ್ಲ. 1961ರ 'ಕಿಂಗ್ ಆಫ್ ಕಿಂಗ್ಸ್' ಚಿತ್ರದಲ್ಲಿ ಯೇಸುವಿನ ತಾಯಿ ಮೇರಿ. ಮರುವರ್ಷ ಸಿಂಗ್ ಕವಿಯ ನಾಟಕವನ್ನಾಧರಿಸಿದ ಚಿತ್ರದಲ್ಲಿ ನಾಯಿಕೆ ಪೆಗೀನ್. 1965ರ 'ಡಾಕ್ಟರ್ ಜಿವಾಗೊ'ದಲ್ಲಿ ಅನಾಥ ಬಾಲಕನನ್ನು ಸಾಕುವ ಆನಾ. ಪಾತ್ರಗಳು ಗಂಭೀರವಾದುವೇ, ಆದರೂ ಅವಳ ಶಕ್ತಿಯೆಲ್ಲ ಜನರೆದುರಿಗೆ ನಿಂತು ನುಡಿಯುವುದರಲ್ಲಿತ್ತು.

ತೈವ್ಯಾರ್ಕಿನಿಂದ ಕೆಲವೇ ನಿಮಿಷ ನಡೆದರೆ ಡ್ರೂಯಿಡ್ ಎಂಬ ಮತ್ತೊಂದು ನಾಟಕಶಾಲೆ. ಹಳೆಯ ಗೋದಾಮೊಂದನ್ನು ರಂಗವಾಗಿ ಮಾರ್ಪಡಿಸಿದುದು. ಈ ಕೆಲವು ನಿಮಿಷಗಳ ದಾರಿಯನ್ನು ಕ್ರಮಿಸಲು ಶಿವಾನಳಿಗೆ ಸುಮಾರು ನಲವತ್ತೈದು ವರ್ಷಗಳು ಹಿಡಿದುವು. 1985ರ ಡಿಸೆಂಬರಿನಲ್ಲಿ ಅಲ್ಲಿ ಟಾಮ್ ಮರ್ಫಿಯ 'ಬಾಲ್ಯಗನ್‌ಗಾರೆ' ಮೊದಲ ಬಾರಿಗೆ ಪ್ರದರ್ಶಿತವಾಯಿತು. 'ನಗೆಯಿಲ್ಲದ ಊರು' ಎಂದು ಆ ಹೆಸರಿನ ಅರ್ಥ. ಹಾಸಿಗೆ ಹಿಡಿದ, ಬುದ್ಧಿ ಮಸುಳಿದ ಮುದುಕಿಯೊಬ್ಬಳು ರಾತ್ರಿರಾತ್ರಿಯೂ ಒಂದೇ ಕಥೆಯನ್ನು ಹೇಳುತ್ತಾಳೆ. ಅದರ ಕೊನೆಯನ್ನು ಮಾತ್ರ ಎಂದೂ ಮುಟ್ಟುವುದಿಲ್ಲ, ಏಕೆಂದರೆ ಅಲ್ಲಿ ಅವಳ ಸ್ವಂತ ದುಃಖವಿದೆ. 'ಈ ರಾತ್ರಿ ಕಥೆ ಮುಗಿಯಲೇಬೇಕು' ಎಂದು ಮೊಮ್ಮಗಳು ಹಟ ಹಿಡಿಯುತ್ತಾಳೆ. ಇಂಗ್ಲಿಷಿನ ನಡುನಡುವೆ ಐರಿಷ್ ನುಡಿಗಳು ಉಕ್ಕುವ ಆ ಮುದುಕಿಯ ಮಾತನ್ನು ಆಡಲು ಶಿವಾನಳಿಗಿಂತ ತಕ್ಕವರಾರು? ರಂಗದ ಮೇಲಿನ ಅವಳ ಕೊನೆಯ ಹೊಸ ಪಾತ್ರವೂ ಅದೇ ಆಯಿತು.

ಮರುವರ್ಷ ನವೆಂಬರಿನಲ್ಲಿ ಆಕೆ ಡಬ್ಲಿನ್ನಿನಲ್ಲಿ ತೀರಿಕೊಂಡಳು. ಆದರೆ ಮಣ್ಣು ಮಾಡಿದುದು ಗಾಲ್ವೇಯಲ್ಲಿ, ಊರಿನ ಪಶ್ಚಿಮಕ್ಕಿರುವ ರಹೂನ್ ಸ್ಮಶಾನದಲ್ಲಿ. ತೈವ್ಯಾರ್ಕ್ 2007ರಲ್ಲಿ ಬೆಂಕಿಗೆ ತುತ್ತಾಗಿ ಕೆಲಕಾಲ ಮುಚ್ಚಿತ್ತು. ಮತ್ತೆ ಬಾಗಿಲು ತೆರೆಯಿತು. ನಡುಬೀದಿಯ ಆ ರಂಗದ ಮೇಲೆ ಐರಿಷ್ ಮಾತು ಈಗಲೂ ಕೇಳಿಬರುತ್ತದೆ.