ಗೋವಿನಜೋಳದ ಮೇಲೆ ಗೋವಿನಜೋಳ

ನಮ್ಮ ಕ್ರಾಸ್‌ರೋಡ್ಸ್ ಸುತ್ತಮುತ್ತಲಿನ ಕನ್ನಡ ಮನೆಗಳಲ್ಲಿ ಈ ಬೆಳೆಗೆ ಮೂರು ಹೆಸರುಗಳಿವೆ. ಮೈಸೂರು, ಮಂಡ್ಯದ ಕಡೆಯವರಿಗೆ ಅದು ಮುಸುಕಿನ ಜೋಳ. ದಾವಣಗೆರೆಯವರಿಗೆ ಮೆಕ್ಕೆಜೋಳ. ಹಾವೇರಿ, ಧಾರವಾಡದ ನಮಗೆ ಗೋವಿನಜೋಳ. ಇಲ್ಲಿ ಹುಟ್ಟಿದ ಮಕ್ಕಳಿಗಂತೂ ಬರೀ ಕಾರ್ನ್, ಅದೂ ಬೆಣ್ಣೆ ಸವರಿದ್ದರೆ ಮಾತ್ರ! ಊರಿನ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಬೆನ್ನು ಹತ್ತಿದ್ದರು. ಜಾತ್ರೆ, ಹೋಳಿಗೆ, ಮಳೆಗಾಲ ಇವುಗಳ ಬಗ್ಗೆ ಈ ಪುಟಗಳಲ್ಲಿ ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ. ಆದ್ದರಿಂದ ನಾನು ಹೊಲದ ವಿಷಯಕ್ಕೆ ಬರುತ್ತೇನೆ. ಸುಟ್ಟು ತಿನ್ನುವ ಎಳೆ ತೆನೆಯದಲ್ಲ, ಒಣಗಿಸಿ, ಕಾಳು ಬಿಡಿಸಿ, ಚೀಲಕ್ಕೆ ತುಂಬಿ ಮಾರುವ ಜೋಳದ ವಿಷಯ. ಅದರಲ್ಲಿ ಹೆಚ್ಚಿನ ಪಾಲು ಕೋಳಿ ಮೇವಿಗೆ, ಸ್ಟಾರ್ಚ್ ಕಾರ್ಖಾನೆಗೆ, ಈಚೀಚೆಗೆ ಎಥನಾಲ್‌ಗೆ ಹೋಗುತ್ತದೆ.

ರಾಣೆಬೆನ್ನೂರು ತಾಲ್ಲೂಕಿನಲ್ಲಿ ನಮ್ಮದು ಹನ್ನೆರಡು ಎಕರೆ ಜಮೀನು. ಅಣ್ಣ ನೋಡಿಕೊಳ್ಳುತ್ತಾನೆ. ಅಪ್ಪನ ಕಾಲದಲ್ಲಿ ಎರೆ ಹೊಲಕ್ಕೆ ಮುಂಗಾರಿನಲ್ಲಿ ಹೆಸರು, ಅದನ್ನು ಕಿತ್ತ ಮೇಲೆ ಹಿಂಗಾರಿ ಜೋಳ ಇಲ್ಲವೆ ಕಡಲೆ. ಮರುವರ್ಷ ಅದೇ ಹೊಲಕ್ಕೆ ಹತ್ತಿ, ಮೆಣಸಿನಕಾಯಿ. ಮಸಾರಿ ಹೊಲದಲ್ಲಿ ಶೇಂಗಾ, ನಡುನಡುವೆ ತೊಗರಿಯ ಅಕ್ಕಡಿ ಸಾಲು. ಯಾವ ಬೆಳೆಯ ಮೇಲೆ ಯಾವ ಬೆಳೆ ಬರಬೇಕೆಂಬುದನ್ನು ಅಪ್ಪ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಕೂರಿಗೆ ಹೂಡುವ ಮುಂಚೆ ಹೊಲದ ಬದುವಿನ ಮೇಲೆ ನಿಂತು, ಹೋದ ವರ್ಷ ಇಲ್ಲಿ ಏನಿತ್ತು ಎಂದು ನೆನಪು ಮಾಡಿಕೊಳ್ಳುತ್ತಿದ್ದರು. ಅಷ್ಟೇ.

ಆಮೇಲೆ ಗೋವಿನಜೋಳ ಬಂತು. ಅದನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ, ಏಕೆಂದರೆ ನಮ್ಮ ಮನೆಯ ಎರಡು ಮದುವೆಗಳು ಅದರ ದುಡ್ಡಿನಲ್ಲೇ ಆಗಿವೆ. ಹೈಬ್ರಿಡ್ ಬೀಜ, ಮಳೆ ಒಲಿದರೆ ಎಕರೆಗೆ 20 ಕ್ವಿಂಟಾಲ್ ಇಳುವರಿ, ನಾಲ್ಕು ತಿಂಗಳಲ್ಲಿ ಕೈಗೆ ಹಣ. ಹತ್ತಿಗೆ ಹುಳುವಿನ ಕಾಟ, ಶೇಂಗಾಕ್ಕೆ ಆಳಿನ ಕಾಟ, ಇದಕ್ಕೆ ಎರಡೂ ಕಡಿಮೆ. ಹೀಗೆ ದಾವಣಗೆರೆ, ಹಾವೇರಿ ಜಿಲ್ಲೆಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರ ಒಂದೇ ಬೆಳೆಯಾಯಿತು. ನಮ್ಮ ಹನ್ನೆರಡು ಎಕರೆಯೂ ಹಾಗೇ ಆಯಿತು. ಒಂದು ವರ್ಷವಲ್ಲ, ಹದಿನೈದು ವರ್ಷಕ್ಕೂ ಮೇಲೆ ಗೋವಿನಜೋಳದ ಮೇಲೆ ಗೋವಿನಜೋಳ.

ಈ ಬೆಳೆ ಹೊಟ್ಟೆಬಾಕ. ಒಂದು ಟನ್ ಕಾಳು ಬರಬೇಕಾದರೆ ಪೈರು ಸುಮಾರು 20ರಿಂದ 25 ಕಿಲೋ ಸಾರಜನಕವನ್ನು ನೆಲದಿಂದ ಎಳೆದುಕೊಳ್ಳುತ್ತದೆ. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ ಇರುವುದು ಹೆಚ್ಚುಕಡಿಮೆ ಅಷ್ಟೇ. ಹಾಕಿದ್ದೆಲ್ಲ ಪೈರಿಗೆ ಸಿಗುವುದೂ ಇಲ್ಲ, ಮಳೆಗೆ ಒಂದಷ್ಟು ತೊಳೆದುಹೋಗುತ್ತದೆ. ಒಂದು ಚೀಲ ಹಾಕುತ್ತಿದ್ದಲ್ಲಿ ಎರಡಾಯಿತು, ಎರಡಿದ್ದದ್ದು ಮೂರಾಯಿತು, ಇಳುವರಿ ಮಾತ್ರ ನಿಂತಲ್ಲೇ ನಿಂತಿತು. ಇದರ ಮೇಲೆ 2018ರಲ್ಲಿ ಶಿವಮೊಗ್ಗದಲ್ಲಿ ಹೊಸದೊಂದು ಸೈನಿಕ ಹುಳು ಕಾಣಿಸಿಕೊಂಡಿತು. ಭಾರತದಲ್ಲಿ ಅದನ್ನು ಗುರುತಿಸಿದ್ದು ಅದೇ ಮೊದಲು. ಅದರ ಮೂಲ ನಾವಿರುವ ಈ ಅಮೆರಿಕ ಖಂಡವೇ! ಜೋಳವೂ ಇಲ್ಲಿಯದೇ, ಹುಳುವೂ ಇಲ್ಲಿಯದೇ. ಮುಂಗಾರಿಗೂ ಅದೇ ಬೆಳೆ, ನೀರಿದ್ದವರ ಹಿಂಗಾರಿಗೂ ಅದೇ ಬೆಳೆ ಎಂದಾದರೆ ಹುಳುವಿಗೆ ವರ್ಷವಿಡೀ ಹಬ್ಬದೂಟ.

ಈಗ ನಾವಿರುವ ಕಡೆಗೆ ಬರೋಣ. ಬೆಲ್‌ವ್ಯೂನಿಂದ ಐ-90 ಹಿಡಿದು, ಸ್ನೋಕ್ವಾಲ್ಮಿ ಕಣಿವೆ ದಾಟಿ, ವ್ಯಾಂಟೇಜ್ ಬಳಿ ಕೊಲಂಬಿಯಾ ನದಿ ದಾಟಿದವರು ಜಾರ್ಜ್ ಎಂಬ ಊರಿನ ಆಸುಪಾಸಿನಲ್ಲಿ ರಸ್ತೆ ಪಕ್ಕದ ಬೇಲಿಗಳನ್ನು ನೋಡಿರಬಹುದು. ಬೆಳೆಯ ಹೆಸರು ಬರೆದ ಚಿಕ್ಕ ಹಲಗೆಗಳನ್ನು ಅಲ್ಲಿ ತಗುಲಿಸಿರುತ್ತಾರೆ. ಆಲೂಗಡ್ಡೆ, ಗೋಧಿ, ಕುದುರೆ ಮಸಾಲೆ ಸೊಪ್ಪು, ಕಾರ್ನ್. ಮಕ್ಕಳು ಚಿಕ್ಕವರಿದ್ದಾಗ ಓದುವ ಆಟಕ್ಕೆಂದು ಅವುಗಳನ್ನು ಕೂಗಿ ಹೇಳಿಸುತ್ತಿದ್ದೆ. ಒಂದು ವರ್ಷ ಮಗಳು ಕೇಳಿದಳು, "ಅಪ್ಪಾ, ಹೋದ ಸಲ ಇಲ್ಲಿ ಆಲೂಗಡ್ಡೆ ಇತ್ತಲ್ಲ, ಈಗ ಯಾಕೆ ಕಾರ್ನ್?" ಆಲೂಗಡ್ಡೆಯ ಮೇಲೆ ಆಲೂಗಡ್ಡೆ ಹಾಕಿದರೆ ಮಣ್ಣಿನಲ್ಲಿ ರೋಗ ಕೂರುತ್ತದೆ, ಅದಕ್ಕೆ ಮೂರು ನಾಲ್ಕು ವರ್ಷ ಬೇರೆ ಬೆಳೆ ಹಾಕಿ ಕಾಯುತ್ತಾರೆ ಎಂದು ಹೇಳಿದೆ. ಹೇಳುತ್ತಿರುವಾಗಲೇ ಬದುವಿನ ಮೇಲೆ ನಿಂತ ಅಪ್ಪನ ನೆನಪು ಬಂತು.

ಆದರೆ ಅದು ಗ್ರ್ಯಾಂಡ್ ಕೂಲಿ ಅಣೆಕಟ್ಟಿನ ನೀರು ಬರುವ ಸೀಮೆ. ಮಳೆ ನಂಬಿದ ನಮ್ಮೂರಿಗೆ ಹೋಲಿಸಲು ಇನ್ನೂ ಪೂರ್ವಕ್ಕೆ, ಪುಲ್‌ಮನ್ ಸುತ್ತಲಿನ ಪಲೂಸ್ ಗುಡ್ಡಗಳಿಗೆ ಹೋಗಬೇಕು. ಅಲ್ಲಿನ ರೈತರು ಗೋಧಿಯ ನಡುವೆ ಬಟಾಣಿ, ಮಸೂರ, ಕಾಬೂಲ್ ಕಡಲೆ ಹಾಕುತ್ತಾರೆ. ದ್ವಿದಳ ಧಾನ್ಯದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯಿಂದಲೇ ಸಾರಜನಕ ಹಿಡಿಯುತ್ತವೆ. ಅಯೋವಾ, ಇಲಿನಾಯ್ ಕಡೆ ಸೋಯಾದ ನಂತರ ಜೋಳ ಹಾಕುವವರು ಎಕರೆಗೆ 40ರಿಂದ 50 ಪೌಂಡ್ ಸಾರಜನಕ ಕಡಿಮೆ ಹಾಕುವ ರೂಢಿಯಿದೆ. ನಮ್ಮ ಲೆಕ್ಕದಲ್ಲಿ ಸರಿಯಾಗಿ ಒಂದು ಚೀಲ ಯೂರಿಯಾ. ಇಲಿನಾಯ್ ವಿಶ್ವವಿದ್ಯಾಲಯದ ನಡುವೆ 1876ರಿಂದ ಜೋಳ ಬೆಳೆಯುತ್ತಿರುವ ಮಾರೋ ಪ್ಲಾಟ್ಸ್ ಎಂಬ ಪ್ರಯೋಗದ ಹೊಲವಿದೆ. ಅದರ ಒಂದು ಭಾಗದಲ್ಲಿ ಅಂದಿನಿಂದಲೂ ಬರೀ ಜೋಳ, ಉಳಿದ ಭಾಗಗಳಲ್ಲಿ ಬದಲಿ ಬೆಳೆ. ಜೋಳದ ಮೇಲೆ ಜೋಳ ಬೆಳೆದ ಭಾಗವೇ ಹಿಂದೆ ಬಿದ್ದಿದೆ. ಆ ಹೊಲದ ಮೇಲೆ ನೆರಳು ಬೀಳಬಾರದೆಂದು ಪಕ್ಕದ ಗ್ರಂಥಾಲಯವನ್ನೇ ನೆಲದೊಳಗೆ ಕಟ್ಟಿದರು! ಅಯೋವಾದ ಇನ್ನೊಂದು ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಎರಡು ಬೆಳೆಯ ಸರದಿಯನ್ನು ಮೂರು, ನಾಲ್ಕು ಬೆಳೆಗೆ ಹಿಗ್ಗಿಸಿದಾಗ ಗೊಬ್ಬರ, ಕಳೆನಾಶಕ ಬಹಳ ಕಡಿಮೆ ಸಾಕಾಯಿತು, ಲಾಭವೇನೂ ತಗ್ಗಲಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ರೈತ ಯಾಕೆ ಬದಲಾಯಿಸುವುದಿಲ್ಲ? 2024ರ ಬೇಸಿಗೆಯಲ್ಲಿ ಅಣ್ಣ ಫೋನ್ ಮಾಡಿ, ಬೋರು ಕೊರೆಸಲು ದುಡ್ಡು ಕೇಳಿದ. ಹಿಂಗಾರಿಗೂ ಗೋವಿನಜೋಳ ಹಾಕುವ ಯೋಚನೆ ಅವನದು. ನಾನು ಮೇಲಿನದನ್ನೆಲ್ಲ ಹೇಳಿದೆ. ಅವನು ಸಮಾಧಾನದಿಂದ ಕೇಳಿ ಕೊನೆಗೆ ಹೇಳಿದ:

"ನೀ ಹೇಳೂದು ಖರೆ ತಮ್ಮಾ. ಆದ್ರ ಗೋವಿನಜೋಳ ಹದಿನೈದು ದಿನ ಹೊಲದಾಗ ನಿಂತ್ರೂ ಏನೂ ಆಗಂಗಿಲ್ಲ. ಹೆಸರು ಹಂಗಲ್ಲ. ಬಿಡಸೂ ವ್ಯಾಳ್ಯಾಕ್ಕ ಎರಡು ದಿನ ಮಳಿ ಹತ್ತಿದ್ರ ಕಾಯ್ಯಾಗ ಮೊಳಕಿ ಒಡಿತಾವ. ಆಳು ಎಲ್ಲಿಂದ ತರ್ಲಿ? ಗೋವಿನಜೋಳ ಆದ್ರ ಕಣಕ್ಕ ಬಂದು ತೂಗಿ ಒಯ್ತಾರ. ಬೀಜ, ಗೊಬ್ಬರ ಉದ್ರಿ ಕೊಡಾವ ಅದನ್ನ ನೋಡೇ ಕೊಡ್ತಾನ. ಮಣ್ಣಿಗೆ ಚಲೋ ಆಗೂದು ಮೂರು ವರ್ಷಕ್ಕ. ಸಾಲದಾವ ಬರೂದು ದೀಪಾವಳಿಗೆ."

ಈ ಕೊನೆಯ ಎರಡು ಮಾತುಗಳಿಗೆ ನನ್ನ ಬಳಿ ಉತ್ತರವಿರಲಿಲ್ಲ. ಯಾವ ಪ್ರಯೋಗದ ಹೊಲದಲ್ಲೂ ಸಾಲದವನು ಬಂದು ಬಾಗಿಲು ತಟ್ಟುವುದಿಲ್ಲ. ಇಲ್ಲಿನ ರೈತನ ಬೆನ್ನಿಗೆ ಬೆಳೆ ವಿಮೆಯಿದೆ, ನೂರಾರು ಎಕರೆ ನೆಲವಿದೆ. ಅಣ್ಣನ ಬೆನ್ನಿಗೆ ಇರುವವನು ನಾನೊಬ್ಬ.

ಎರಡು ವಾರ ಯೋಚಿಸಿ, ಬೋರಿನ ಬದಲು ಒಂದು ಒಪ್ಪಂದ ಹೇಳಿದೆ. ಹನ್ನೆರಡು ಎಕರೆ ಮೂರು ಪಾಲಾಗಲಿ. ವರ್ಷಕ್ಕೆ ಒಂದು ಪಾಲು, ಅಂದರೆ ನಾಲ್ಕು ಎಕರೆ, ಮುಂಗಾರಿಗೆ ಹೆಸರು ಅಥವಾ ಸೋಯಾ, ಹಿಂಗಾರಿಗೆ ಕಡಲೆ ಅಥವಾ ಬಿಳಿ ಜೋಳ. ಉಳಿದ ಎಂಟು ಎಕರೆ ಗೋವಿನಜೋಳವೇ ಇರಲಿ, ಆದರೆ ನಡುವೆ ತೊಗರಿಯ ಸಾಲು ಬರಲಿ. ಮೂರು ವರ್ಷದಲ್ಲಿ ಎಲ್ಲ ಹೊಲಕ್ಕೂ ಸರದಿ ಬರುತ್ತದೆ. ಆ ನಾಲ್ಕು ಎಕರೆ ಗೋವಿನಜೋಳಕ್ಕಿಂತ ಕಡಿಮೆ ದುಡಿದರೆ ಕೊರತೆ ನನ್ನದು, ಹೆಚ್ಚು ದುಡಿದರೆ ಅವನದು. ಅಣ್ಣ ಒಪ್ಪಲಿಲ್ಲ. "ದಾನ ಬ್ಯಾಡ, ಸಾಲ ಅಂತ ಬರಕೋ" ಎಂದ. ಕಡೆಗೆ ಫೋನ್ ಇಸಿದುಕೊಂಡು ತೀರ್ಪು ಕೊಟ್ಟವರು ಅತ್ತಿಗೆ. "ಹೊಲಾ ಇದ್ದವ್ರ ಮನ್ಯಾಗ ಬ್ಯಾಳಿ ಅಂಗಡಿಯಿಂದ ತರಾಕತ್ತೇವಿ, ದನಕ್ಕ ಕಣಕಿ ಕೊಂಡು ಹಾಕಾಕತ್ತೇವಿ. ನಾಲ್ಕು ಎಕರೆ ನನಗ ಬಿಡ್ರಿ" ಎಂದರು.

ಫಲಿತಾಂಶ? ಸಿನಿಮಾದಂತೆ ಏನೂ ಆಗಲಿಲ್ಲ. 2024ರಲ್ಲಿ ಮಳೆ ಚೆನ್ನಾಗಿತ್ತು, ಹೆಸರೂ ಬಂತು, ಕಡಲೆಯೂ ಬಂತು. 2025ರಲ್ಲಿ ಅದೇ ನಾಲ್ಕು ಎಕರೆಗೆ ಗೋವಿನಜೋಳ ಬಂದಾಗ ಅಣ್ಣ ಎಕರೆಗೆ ಒಂದು ಚೀಲ ಯೂರಿಯಾ ಕಡಿಮೆ ಹಾಕಿದ. ತೆನೆ ತುದಿಯವರೆಗೆ ಕಾಳು ಕಟ್ಟಿದ್ದನ್ನು ವಿಡಿಯೋದಲ್ಲಿ ತೋರಿಸಿದ. ಆದರೆ ಆ ವರ್ಷದ ಹೆಸರು, ಅವನು ಹೆದರಿದಂತೆಯೇ, ಬಿಡಿಸುವ ಹೊತ್ತಿಗೆ ಮಳೆಗೆ ಸಿಕ್ಕಿ ಅರ್ಧಕ್ಕರ್ಧ ಹೋಯಿತು. ಅತ್ತ ಗೋವಿನಜೋಳದ ಬೆಲೆ ಕುಸಿಯಿತು. 2025-26ಕ್ಕೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಎಂದಿದ್ದರೂ ನವೆಂಬರಿನಲ್ಲಿ ಮಾರುಕಟ್ಟೆಯಲ್ಲಿ 1,600-1,800ಕ್ಕೆ ಕೇಳಿದರು. ಹಾವೇರಿ, ಗದಗಿನ ರೈತರು ಖರೀದಿ ಕೇಂದ್ರಕ್ಕಾಗಿ ಬೀದಿಗಿಳಿದರು. ಎಕರೆಗೆ 20 ಕ್ವಿಂಟಾಲ್ ಬೆಳೆದವನಿಗೆ 2,400ರಂತೆ 48,000 ಬರಬೇಕಿತ್ತು. 1,700ರಂತೆ ಬಂದದ್ದು 34,000. ಹದಿನಾಲ್ಕು ಸಾವಿರ ಅಲ್ಲೇ ಕರಗಿತು, ಮಾಡಿದ ಖರ್ಚು ಮಾತ್ರ ಅಷ್ಟೇ.

ಒಪ್ಪಂದದಂತೆ ನಾನು ಆ ವರ್ಷದ ಹೆಸರಿನ ಕೊರತೆ ಕಳಿಸಿದೆ. ಅದು ಇಲ್ಲಿ ನಮ್ಮ ಮನೆಯ ಒಂದು ತಿಂಗಳ ದಿನಸಿಯ ಖರ್ಚಿಗಿಂತ ಕಡಿಮೆಯಿತ್ತು. ಸಂಕ್ರಾಂತಿಗೆ ಫೋನ್ ಮಾಡಿದಾಗ ತೊಗರಿ ಮನೆಗೆ ಬಂದಿತ್ತು, ಕಡಲೆ ಹೊಲದಲ್ಲಿತ್ತು. "ಈ ಸಲ ಎಲ್ಲಾ ಒಮ್ಮೆಲೆ ಮುಳುಗಲಿಲ್ಲ ನೋಡಪಾ" ಎಂದ ಅಣ್ಣ. ಬೋರಿನ ಮಾತು ತೆಗೆಯಲಿಲ್ಲ.

ಓದುಗ ಮಿತ್ರರೇ, ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಇನ್ನೂ ನಾಲ್ಕು ಎಕರೆಯೋ ಹತ್ತು ಎಕರೆಯೋ ಇದೆ. ರಜೆಗೆ ಹೋದಾಗ ನಾವು ಬದುವಿನ ಮೇಲೆ ನಿಂತು ಸಾವಯವ, ಸುಸ್ಥಿರ ಎಂದು ಮಾತಾಡಿ ಬರುತ್ತೇವೆ. ಬೆಳೆ ಬದಲಿಸುವ ವಿದ್ಯೆ ಊರಿನವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರಿಗಿಲ್ಲದಿರುವುದು ಮೊದಲ ಮೂರು ವರ್ಷ ತಡೆದುಕೊಳ್ಳುವ ಶಕ್ತಿ. ಅದು ನಮ್ಮಲ್ಲಿದೆ. ಈ ಸಲ ಊರಿಗೆ ಫೋನ್ ಮಾಡಿದಾಗ, ಮಳೆ ಹೇಗಿದೆ ಎಂದು ಕೇಳಿದ ಮೇಲೆ, ಹೋದ ವರ್ಷ ಆ ಹೊಲದಲ್ಲಿ ಏನಿತ್ತು ಎಂದು ಕೇಳಿ. ಉತ್ತರ "ಅದೇ" ಎಂದು ಬಂದರೆ, ಸಲಹೆ ಕೊಡುವ ಮುಂಚೆ ನಷ್ಟದಲ್ಲಿ ಪಾಲು ಕೇಳಿ.