ಬೋಡಿಮೆಟ್ಟು ಏರುವ ಗಾಲಿಗಳು

ತೇನಿ ಜಿಲ್ಲೆಯ ಬೋಡಿನಾಯಕನೂರಿನಲ್ಲಿ ಡಿಸೆಂಬರಿನ ಚಳಿಯೆಂಬುದು ನೆಪಮಾತ್ರ. ಅಲ್ಲಿಂದ ನಸುಕಿನಲ್ಲೇ ಬೈಕೇರಿ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೊರಟವನಿಗೆ ಬೋಡಿಮೆಟ್ಟಿನ 17 ಹೇರ್‌ಪಿನ್ ತಿರುವುಗಳು ಮುಗಿಯುವಷ್ಟರಲ್ಲಿ ಬೆರಳು ಮರಗಟ್ಟಿರುತ್ತವೆ. ಅಂಗಿಯೊಳಗೆ ಮಡಿಸಿಟ್ಟ ಹಳೆಯ ವೃತ್ತಪತ್ರಿಕೆಯೇ ಎದೆಗೆ ರಕ್ಷೆ. (ಕಂಬಂ ಕಣಿವೆಯ ಕಪ್ಪಿಲಿಯರ್ ಮೊದಲಾದವರ ಮನೆಮಾತು ಕನ್ನಡ, ಓದುವುದು ತಮಿಳು, ಆದ್ದರಿಂದ ಎದೆ ಬೆಚ್ಚಗಿಡುವ ಪತ್ರಿಕೆಯೂ ತಮಿಳಿನದೇ.)

ಮೈಗೆ ಇಷ್ಟಾದರೂ ಉಪಚಾರವುಂಟು, ಟೈರಿಗೆ? ಯುರೋಪಿನಲ್ಲಿ ಸ್ಕೂಟರು, ಬೈಕುಗಳಿಗೂ ಚಳಿಗಾಲದ ಟೈರುಗಳಿವೆ. ಉಷ್ಣತೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಸಾಮಾನ್ಯ ರಬ್ಬರು ಬಿರುಸಾಗಿ ರಸ್ತೆಯ ಹಿಡಿತ ಕಳೆದುಕೊಳ್ಳತೊಡಗುತ್ತದೆ. ಸಿಲಿಕಾ ಹೆಚ್ಚು ಬೆರೆಸಿದ ಚಳಿಗಾಲದ ಟೈರು ಮೆತ್ತಗೇ ಉಳಿಯುತ್ತದೆ. ಅದರ ಮೇಲಿನ ಸಣ್ಣ ಸೀಳುಗಳು ಹಿಮವನ್ನು ಕಚ್ಚಿಹಿಡಿಯುತ್ತವೆ. ಮುನ್ನಾರ್‌ನಲ್ಲೂ ದಿಂಡಿಗಲ್ ಜಿಲ್ಲೆಯ ಕೊಡೈಕೆನಾಲ್‌ನಲ್ಲೂ ಜನವರಿಯ ಕೆಲವು ಬೆಳಗು ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದು ನಿಜ. ಆದರೆ ಆ ನಾಲ್ಕು ಬೆಳಗಿಗಾಗಿ ಅಂಥ ಟೈರು ಹಾಕಿಸಿದರೆ ಕಣಿವೆಯ ಕಾದ ಡಾಂಬರು ಅದನ್ನು ಬೇಗನೆ ಸವೆಸಿಬಿಡುತ್ತದೆ.

ಈ ಘಾಟಿಯಲ್ಲಿ ಹೆದರಬೇಕಾದದ್ದು ಹಿಮಕ್ಕಲ್ಲ, ನೀರಿಗೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ. ತಿರುವಿನಲ್ಲಿ ಒದ್ದೆ ಎಲೆ, ಎದುರಿನ ಬಸ್ಸನ್ನು ನುಂಗಿದ ಮಂಜು. ಬೋಳಾದ ಟೈರಿನಡಿಯಿಂದ ನೀರು ಸರಿದುಹೋಗಲು ಗೀರುಗಳೇ ಇರುವುದಿಲ್ಲ. ದ್ವಿಚಕ್ರಿಗೆ 0.8 ಮಿಲಿಮೀಟರ್ ಆಳದ ಗೀರು ಸಾಕೆನ್ನುವ ಕಾನೂನು ಘಾಟಿಯ ಮಟ್ಟಿಗೆ ತೀರ ಉದಾರ. ಎಂಜಿನ್ನಿನ ಬಲ ಹೊರುವ ಹಿಂದಿನ ಟೈರು ಮೊದಲು ಸವೆಯುತ್ತದೆ. ಕೈ ಬಿಗಿಯಾದ ತಿಂಗಳು ಮೊದಲು ಮುಂದೂಡುವ ಖರ್ಚೂ ಅದರದೇ.